ಮೂವತ್ತೆಂಟು ಮನೆಯ ಬದನೆ

ಗಣಿತದಲ್ಲಿ ಇಪ್ಪತ್ತೊಂದು ಬಂದವನ ಕೈಗೆ
ತೂಕದ ಪುಸ್ತಕ ಕೊಟ್ಟರು.
ತಮಾಷೆಗಲ್ಲ. ಶಾಜಿಯಾಗೆ ಎರೆಹುಳು ಕಂಡರಾಗದು,
ರೋಸ್ಲಿನ್ ಬರೆದದ್ದು ಅವಳಿಗೇ ಓದಲು ಬಾರದು,
ನೀರಿನ ವಾಲ್ವಿನ ಹತ್ತಿರ ಚೆಲುವರಾಜ
ಬೇರೆ ಯಾರನ್ನೂ ಬಿಡುತ್ತಿರಲಿಲ್ಲ.
ಉಳಿದವನು ನಾನು.

ಕೆಸರೆಯ ಹಿಂದೆ, ಮುಚ್ಚಿದ ನೂಲಿನ ಗಿರಣಿಯ
ಗೋಡೆಗೆ ಒರಗಿಕೊಂಡ ಒಂದೂವರೆ ಎಕರೆ.
ಮೊದಲಲ್ಲಿ ಒಡೆದ ಕಮೋಡು,
ಯಾರದೋ ಮದುವೆಯ ಥರ್ಮಾಕೋಲು,
ಒಂದು ಆಟೋದ ಬರೀ ಮುಖ.
ಈಗ ದಂಟು, ಬದನೆ, ಬೇಲಿ ತುಂಬ ಹೀರೆ.
ಗೇಟಿಗೆ ಬೀಗವಿಲ್ಲ; ಇದ್ದ ಬೀಗ ಯಾರೋ ಕದ್ದರು.

ಎರಡು ತಿಂಗಳ ಕೆಲಸ, ಕೊರಳಿಗೆ ಕಾರ್ಡು:
'ತರಬೇತಿ ಸಹಾಯಕ'.
ಅಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿ
"ಕಳೆ ಕೀಳೋಕೂ ಕಾರ್ಡಾ?" ಅಂದರು.
ತಿಂಗಳಿಗೆ ಸಾವಿರದೈನೂರು, ಬ್ಯಾಂಕಿಗೆ.
ಮೊದಲ ತಿಂಗಳದ್ದರಲ್ಲಿ ಬ್ಯಾಂಕೇ
ದಂಡವೆಂದು ಒಂದಿಷ್ಟು ತಿಂದಿತು.

ಕಲಿಸುವವರು ಚಿಕ್ಕತಾಯಮ್ಮ,
ಸಹಿಯ ಜಾಗದಲ್ಲಿ ಹೆಬ್ಬೆಟ್ಟು.
ಮಣ್ಣನ್ನು ಹಿಡಿಯಲ್ಲಿ ಅಮುಕಿ, ಬೆರಳು ಬಿಚ್ಚಿ,
ಅದು ಬಿರಿದ ರೀತಿ ನೋಡಿ
ನೀರು ಇವತ್ತಲ್ಲ, ನಾಳೆ, ಎನ್ನುವರು.
ಮೊಬೈಲು ನೋಡಿ ಚೆಲುವರಾಜ ಮಳೆ ಎಂದ ದಿನ
ಮಳೆಯೂ ಬಂತು, ಅದು ಬೇರೆ ಮಾತು.

ಶನಿವಾರ ಹಂಚಿಕೆ.
ಗಿರಣಿಯ ಸಾಲುಮನೆ ಹದಿನಾಲ್ಕು,
ಮಸೀದಿ ಗಲ್ಲಿ ಒಂಬತ್ತು,
ಪೌರಕಾರ್ಮಿಕರ ಕಾಲೊನಿ ಹನ್ನೊಂದು,
ಉಳಿದ ನಾಲ್ಕು ನಮ್ಮವೇ, ದುಡಿದವರ ಪಾಲು.
ಆ ವಾರ ಈರನಗೆರೆ ಬದನೆ.
ತೊಟ್ಟಿನ ಮುಳ್ಳೊಂದು ನನ್ನ ಹೆಬ್ಬೆರಳಲ್ಲಿ ಮುರಿದು
ಇಪ್ಪತ್ತಾರು ಕೆಜಿ ಆರುನೂರು ಗ್ರಾಂ.

ಫೋನು ಮುಟ್ಟಲಿಲ್ಲ.
ಗಿರಣಿ ಗೋಡೆಯ ಮೇಲೆ ಇಟ್ಟಿಗೆ ಚೂರಲ್ಲಿ ಭಾಗಿಸಿದೆ.
ಭಾಜ್ಯ, ಭಾಜಕ, ಭಾಗಲಬ್ಧ:
ನನ್ನ ಕಂಡರೆ ಕದ ಹಾಕಿಕೊಳ್ಳುವ ಆ ಮನೆತನವೆಲ್ಲ
ಅವತ್ತು ಪಂಕ್ತಿಗೆ ಬಂದು ಕೂತಿತು.
ಮನೆಗೆ ಏಳುನೂರು ಗ್ರಾಂ.
ಶೇಷ ಸೊನ್ನೆ!

ಶಾಜಿಯಾ ಚಪ್ಪಾಳೆ ತಟ್ಟಿದಳು, ಎರೆಗೊಬ್ಬರದ ಕೈಯಲ್ಲೇ.
ಚಿಕ್ಕತಾಯಮ್ಮ ಗೋಡೆಯನ್ನು ನಿಧಾನ ನೋಡಿದರು.
"ಇದೇನ್ಲಾ ಕಡೇಲಿ, ಬಳೆ ಥರ?"
ಸೊನ್ನೆ ಅಜ್ಜಿ, ಏನೂ ಉಳಿದಿಲ್ಲ ಅಂತ.
"ಏನೂ ಉಳೀನಿಲ್ವಾ?
ಅಂಗಾರೆ ನಿನ್ ಲೆಕ್ಕ ಸರೀಗಿಲ್ಲ ಬುಡು."

ಕರೆದೊಯ್ದು ತೋರಿಸಿದರು, ಏಳನೇ ಸಾಲಿನ ಕೊನೆಯ ಗಿಡ.
ಕೆಂಪು ದಾರ ಕಟ್ಟಿಸಿಕೊಂಡು ಜೋತ ಒಂದು ಕಾಯಿ,
ಅರಿಸಿನ ಮೆತ್ತಿದ ಹಾಗೆ ಹಳದಿ,
ಪಲ್ಯಕ್ಕೂ ಬಾರದು, ಗೊಜ್ಜಿಗೂ ಬಾರದು.
"ಬಿತ್ನೆಗೆ ಬುಟ್ಟಿವ್ನಿ. ಇದ್ನ ಯಾವ್ ಮನೇಗ್ ಬರ್ದಿದ್ದೀಯೆ?"
ಬರೆದಿರಲಿಲ್ಲ.
ಗೇಟಿನ ಬಳಿ ಹೆಂಗಸೊಬ್ಬಳು,
ಮಗುವಿನ ಕಿತ್ತ ಚಪ್ಪಲಿ ಕೈಯಲ್ಲಿ ಹಿಡಿದು
ಇದು ಮಾರೋದಾ, ಎಂದು ರೋಸ್ಲಿನ್‌ಳನ್ನು ಕೇಳುತ್ತಿದ್ದಳು.
ಅವಳನ್ನೂ ಬರೆದಿರಲಿಲ್ಲ.

ಗೋಡೆಯ ಲೆಕ್ಕ ಅಂಗೈಯಲ್ಲಿ ಒರೆಸಿದೆ.
ಹತ್ತಿರ ಸಿಕ್ಕ ಚೀಲಗಳಿಂದ ಒಂದೊಂದು ಕಾಯಿ,
ನಮ್ಮ ನಾಲ್ಕರಿಂದ ಎರಡೆರಡು.
ಚೆಲುವರಾಜ ಗೊಣಗಿದ. ಅವನ ಮನೆಯಲ್ಲಿ ಏಳು ಜನ,
ಗೊಣಗಿದ್ದು ನ್ಯಾಯವೇ.
ಪುಸ್ತಕದಲ್ಲಿ ಮೂವತ್ತೊಂಬತ್ತನೇ ಗೆರೆ ಎಳೆದು
ಹೆಸರಿನ ಜಾಗ ಖಾಲಿ ಬಿಟ್ಟೆ.

ಸೋಮವಾರ ಮರುಪರೀಕ್ಷೆ.
ಮುಳ್ಳಿನ್ನೂ ಒಳಗೇ ಇತ್ತು,
ಪೆನ್ನು ಒತ್ತಿದಾಗೆಲ್ಲ ಮಿಡಿಯಿತು.
ಬಹುಪದೋಕ್ತಿಯ ಭಾಗಾಕಾರ, ನಾಲ್ಕು ಅಂಕ.
ಇಳಿಸಿ, ಕಳೆದು, ಮತ್ತೆ ಇಳಿಸಿ, ಮತ್ತೆ ಕಳೆದು
ತಳಕ್ಕೆ ಬಂದರೆ ಮೂರು ಉಳಿಯಿತು.
ಪಕ್ಕದವನು ತುಟಿ ದುಂಡಗೆ ಮಾಡಿ
ಸೊನ್ನೆ, ಸೊನ್ನೆ ಎಂದು ತೋರಿಸಿದ.

ಸರಿಯೋ ತಪ್ಪೋ. ನಾನು ಹೊಡೆದುಹಾಕಲಿಲ್ಲ.
ಏಳನೇ ಸಾಲಿಗೆ ನೀರು ಬಿಡುವ ಹೊತ್ತಾಗಿತ್ತು,
ಬೆಲ್ಲಿಗೆ ಇನ್ನೂ ಇಪ್ಪತ್ತು ನಿಮಿಷ.